ಕೆವಿಎಂ: ವಿಎಂ ಒಳಗ ಜಾಗ ಐತಿ, ಆದ್ರೂ ಪಾಝ್ ಆಗಿ ನಿಲ್ಲತೈತಿ

ಪ್ರಶ್ನೆ – ಬಾಗಲಕೋಟೆ ನವನಗರದಿಂದ

ನಮಸ್ಕಾರ್ರೀ. ಕೆವಿಎಂ (ಲಿನಕ್ಸಿನ್ಯಾಗ ವರ್ಚುವಲ್ ಮಷಿನ್, ಅಂದ್ರ ವಿಎಂ, ಓಡಸೋ ವ್ಯವಸ್ಥೆ) ಬಳಸ್ತೀನಿ. ಉಬುಂಟು 22.04 ಹೋಸ್ಟ್ (ವಿಎಂ ಓಡೋ ಮೂಲ ಯಂತ್ರ), 240 ಜಿಬಿ ಎಸ್‌ಎಸ್‌ಡಿ. ಮೂರು ವಿಎಂ, ಒಂದೊಂದಕ್ಕ 100 ಜಿಬಿ ಕ್ಯೂಕೌ2 ಡಿಸ್ಕ್ (ಬಳಸಿದಂಗ ಬೆಳೆಯೋ ಡಿಸ್ಕ್ ಫೈಲ್). ಡೇಟಾಬೇಸ್ ಇರೋ ಡೆಬಿಯನ್ ವಿಎಂ ನಿನ್ನೆಯಿಂದ ಎರಡು ಸಲ ಪಾಝ್ ಆಗೈತಿ. ಪಿಂಗ್ ಇಲ್ಲ, ಕನ್ಸೋಲ್ ಅಲ್ಲಾಡೂದಿಲ್ಲ. ಒಳಗಿನ 50 ಜಿಬಿ ಹಳೇ ಬ್ಯಾಕಪ್ ಹೋದ ವಾರನ ಅಳಿಸೀನಿ, ಡಿಎಫ್ (ಖಾಲಿ ಜಾಗ ತೋರಸೋ ಕಮಾಂಡ್) ಹೊಡದ್ರ 70 ಜಿಬಿ ಖಾಲಿ ತೋರಸ್ತಿತ್ತು. ರೀಸೆಟ್ ಮಾಡ್ಲೇನ್ರಿ?

ಉತ್ತರ – ವಿಜಯಪುರ

ರೀಸೆಟ್ ಮಾಡಬ್ಯಾಡ್ರಿ ಸರ್. ವಿಎಂ ಸತ್ತಿಲ್ಲ. ಹೋಸ್ಟ್‌ನ್ಯಾಗ ಜಾಗ ಮುಗದಾಗ ಕ್ಯೂಎಂಯು (ವಿಎಂ ಓಡಸೋ ಪ್ರೋಗ್ರಾಂ) ತಾನ ಅದನ್ನ ನಿಲ್ಲಸ್ತೈತಿ, ಬರಿಯಾಕ ಆಗದ ಡೇಟಾ ಕೈಯಾಗ ಹಿಡ್ಕೊಂಡು ಕುಂತಿರ್ತೈತಿ. ಜಾಗ ಮಾಡಿ ರೆಸ್ಯೂಮ್ ಕೊಟ್ರ ಅದನ್ನ ಮತ್ತ ಬರೀತೈತಿ. ರೀಸೆಟ್ ಹೊಡದ್ರ ಆ ಬರಹ ಹೋತು, ಡೇಟಾಬೇಸಿಗೆ ಅದು ಕರೆಂಟ್ ಹೋದಂಗ.

ಮೊದಲ ಖಾತ್ರಿ ಮಾಡ್ಕೋರಿ. ಹೋಸ್ಟ್‌ನ್ಯಾಗ ‘ವಿರ್ಶ್ ಡೊಮ್‌ಸ್ಟೇಟ್ --ರೀಸನ್’ ಮುಂದ ವಿಎಂ ಹೆಸರು ಹಾಕ್ರಿ (ವಿರ್ಶ್ ಅಂದ್ರ ವಿಎಂ ನೋಡ್ಕೊಳ್ಳೋ ಕಮಾಂಡ್). ಐ/ಒ ಎರರ್ (ಓದು-ಬರಹದ ದೋಷ) ಅಂತ ಬರಬೇಕು. ‘ವಿರ್ಶ್ ಡೊಮ್‌ಬ್ಲಾಕ್‌ಎರರ್’ ಕೊಟ್ರ ಯಾವ ಡಿಸ್ಕಿಗೆ ಜಾಗ ಸಾಲಲಿಲ್ಲ ಅನ್ನೋದು ಗೊತ್ತಾಗ್ತೈತಿ. ಡಿಎಫ್ ನೋಡೂದು ಹೋಸ್ಟ್‌ನ್ಯಾಗ, ವಿಎಂ ಒಳಗ ಅಲ್ಲ.

ಆಮ್ಯಾಲ ಐದಾರು ಜಿಬಿ ಬಿಡಸ್ರಿ: ‘ಆ್ಯಪ್ಟ್ ಕ್ಲೀನ್’, ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’, ಇಮೇಜಸ್ ಫೋಲ್ಡರಿನ್ಯಾಗ ಬಿದ್ದಿರೋ ಹಳೇ ಐಎಸ್‌ಒ. ಕ್ಯೂಕೌ2 ಫೈಲ್ ಮಾತ್ರ ಮುಟ್ಟಬ್ಯಾಡ್ರಿ. ‘ಕ್ಯೂಎಂಯು-ಇಮೇಜ್ ಇನ್ಫೋ’ ನೋಡೂದಿದ್ರ ದೊಡ್ಡ ಯು ಆಯ್ಕೆ ಹಾಕಿ, ಇಲ್ಲಂದ್ರ ಲಾಕ್ ಐತಿ ಅಂತ ಬೈತೈತಿ. ಜಾಗ ಆದ ಮ್ಯಾಲ ‘ವಿರ್ಶ್ ರೆಸ್ಯೂಮ್’.

ಇನ್ನ ಮೂಲ ಕಾರಣ. ಹಗೇವಿನ್ಯಾಗಿನ (ಕಾಳು ಇಡೋ ನೆಲದ ತೆಗ್ಗು) ಜೋಳ ತಗದ್ರ ತೆಗ್ಗು ಮುಚ್ಚೂದಿಲ್ಲ. ಒಳಗ ಅಳಿಸಿದ 50 ಜಿಬಿ ಕ್ಯೂಕೌ2 ಫೈಲಿನ್ಯಾಗ ಹಂಗ ಐತಿ, ಯಾಕಂದ್ರ ‘ಈ ಬ್ಲಾಕ್ ಬ್ಯಾಡ’ ಅಂತ ವಿಎಂ ಹೋಸ್ಟಿಗೆ ಹೇಳೇ ಇಲ್ಲ. ‘ವಿರ್ಶ್ ಎಡಿಟ್’ ಹೊಡದು ವಿಎಂನ ಎಕ್ಸ್‌ಎಂಎಲ್ (ಸೆಟ್ಟಿಂಗ್ ಫೈಲ್) ತಗದು, ಡಿಸ್ಕಿನ ಡ್ರೈವರ್ ಸಾಲಿಗೆ ಡಿಸ್ಕಾರ್ಡ್=‘ಅನ್‌ಮ್ಯಾಪ್’ ಸೇರಸ್ರಿ. ಒಳಗಿಂದ ರೀಬೂಟ್ ಸಾಲೂದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ ಮತ್ತ ಸ್ಟಾರ್ಟ್ ಮಾಡ್ಬೇಕು. ಆಮ್ಯಾಲ ಖಾಲಿ ಬ್ಲಾಕ್ ಯಾವುವು ಅಂತ ಹೋಸ್ಟಿಗೆ ಹೇಳಾಕ ವಿಎಂ ಒಳಗ ‘ಎಫ್‌ಎಸ್‌ಟ್ರಿಮ್ -ಎವಿ’.

ಪ್ರಶ್ನೆ ಕೇಳಿದವರು

ರೆಸ್ಯೂಮ್ ಆತ್ರಿ, ಡೇಟಾಬೇಸ್ ಸರಿ ಐತಿ. ಆದ್ರ ಎಫ್‌ಎಸ್‌ಟ್ರಿಮ್ ಏನೂ ಟ್ರಿಮ್ ಮಾಡವಲ್ದು. ಈ ವಿಎಂ ಮೊದಲ 18.04 ಹೋಸ್ಟ್‌ನ್ಯಾಗ ಮಾಡಿದ್ದು.

ಉತ್ತರ – ಬೆಳಗಾವಿ

ಅದ ಕಾರಣ. ವಿಎಂ ಒಳಗ ‘ಎಲ್‌ಎಸ್‌ಬಿಎಲ್‌ಕೆ -ಡಿ’ ಹೊಡೀರಿ, ಡಿ ದೊಡ್ಡಕ್ಷರ. ಡಿಸ್ಕ್-ಮ್ಯಾಕ್ಸ್ ಕಾಲಮ್ಮಿನ್ಯಾಗ ಸೊನ್ನೆ ಇದ್ರ ಡಿಸ್ಕಾರ್ಡ್ ದಾರಿನ ಇಲ್ಲ. ವರ್ಟಿಐಒ ಬ್ಲಾಕ್ (ವಿಎಂಗೆ ಡಿಸ್ಕ್ ಜೋಡಸೋ ಒಂದು ರೀತಿ) ಡಿಸ್ಕಿಗೆ ಡಿಸ್ಕಾರ್ಡ್ ಬಂದದ್ದು ಕ್ಯೂಎಂಯು 4.0 ದಿಂದ. ಹೋಸ್ಟ್ ಹೊಸದಾದ್ರೂ ಎಕ್ಸ್‌ಎಂಎಲ್‌ನ್ಯಾಗ ಮಷಿನ್ ಟೈಪ್ ‘ಬಯೋನಿಕ್’ (ಉಬುಂಟು 18.04ರ ಹೆಸರು) ಅಂತಿದ್ರ ಅದು ಹಳೇ ನಡತೆನ ಹಿಡೀತೈತಿ. ಡಿಸ್ಕನ್ನ ವರ್ಟಿಐಒ-ಸ್ಕಸಿಗೆ (ಡಿಸ್ಕ್ ಜೋಡಸೋ ಇನ್ನೊಂದು ರೀತಿ) ಹಾಕೂದು ನನಗ ಹೆಚ್ಚು ಸುರಕ್ಷಿತ ಅನಸ್ತೈತಿ: ಸ್ಕಸಿ ಕಂಟ್ರೋಲರ್ ಮಾಡಲ್ ‘ವರ್ಟಿಐಒ-ಸ್ಕಸಿ’, ಬಸ್ ‘ಸ್ಕಸಿ’, ಡಿಸ್ಕಿನ ಹಳೇ ಅಡ್ರೆಸ್ ಸಾಲು ತಗೀರಿ. ವಿಎಂ ಒಳಗ ಡಿಸ್ಕಿನ ಹೆಸರು ವಿಡಿಎ ಅನ್ನೋದು ಎಸ್‌ಡಿಎ ಆಗ್ತೈತಿ, ಅದಕ್ಕ ಎಫ್‌ಸ್ಟ್ಯಾಬ್ (ಬೂಟ್ ಆಗುವಾಗ ಡಿಸ್ಕ್ ಜೋಡಸೋ ಪಟ್ಟಿ) ಒಳಗ ಯುಯುಐಡಿ (ಹೆಸರು ಬದಲಾದ್ರೂ ಬದಲಾಗದ ಗುರುತು) ಐತೋ ಇಲ್ಲೋ ಮೊದಲ ನೋಡ್ರಿ; ಇಲ್ಲಂದ್ರ ಬೂಟ್ ಆಗೂದು ಕಷ್ಟ.

ಇನ್ನೊಂದು, ‘ವಿರ್ಶ್ ಸ್ನ್ಯಾಪ್‌ಶಾಟ್-ಲಿಸ್ಟ್’ ನೋಡ್ರಿ. ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿ ಉಳಿಸಿದ್ದು) ಹಿಡಕೊಂಡಿರೋ ಬ್ಲಾಕ್ ಟ್ರಿಮ್‌ನಿಂದ ಬಿಡೂದಿಲ್ಲ. ಬ್ಯಾಡಾದ್ದನ್ನ ಮೊದಲ ಅಳಸ್ರಿ.

ಪ್ರಶ್ನೆ ಕೇಳಿದವರು

ಆತ್ರಿ! ಕ್ಯೂಕೌ2 ಫೈಲಿನ ಡಿಯು 88 ಜಿಬಿ ಇದ್ದದ್ದು 31 ಕ್ಕ ಇಳೀತು. ಎಲ್‌ಎಸ್ ಮಾತ್ರ ದೊಡ್ಡ ಲೆಕ್ಕಾನ ತೋರಸ್ತೈತಿ?

ಉತ್ತರ – ವಿಜಯಪುರ

ಎಲ್‌ಎಸ್ ಫೈಲಿನ ಉದ್ದ ಹೇಳ್ತೈತಿ, ಡಿಯು ನಿಜವಾಗಿ ತುಂಬಿದ ಜಾಗ. ನಡುವ ತೂತು ಬಿದ್ದಾವು, ಅಷ್ಟ. ಬ್ಯಾಕಪ್ ಒಯ್ಯುವಾಗ ಎಚ್ಚರ: ಎಸ್‌ಸಿಪಿ (ಬ್ಯಾರೆ ಯಂತ್ರಕ್ಕ ಫೈಲ್ ಒಯ್ಯೋ ಕಮಾಂಡ್) ಆ ತೂತೆಲ್ಲ ಸೊನ್ನೆಯಿಂದ ತುಂಬತೈತಿ. ವಿಎಂ ಬಂದ್ ಮಾಡಿ ‘ಆರ್‌ಸಿಂಕ್ --ಸ್ಪಾರ್ಸ್’ ಬಳಸ್ರಿ. ಉಳಿದ ಎರಡು ವಿಎಂಗೂ ಇದನ್ನ ಮಾಡ್ರಿ. 300 ಜಿಬಿ ಮಾತು ಕೊಟ್ಟು 240 ಜಿಬಿ ಡಿಸ್ಕ್ ಇಟ್ಟೀರಿ, ಹೋಸ್ಟಿನ ಡಿಎಫ್ ಶೇಕಡಾ 85 ದಾಟಿದ್ರ ಮೇಲ್ ಬರೂವಂಗ ಕ್ರಾನ್ (ಹೊತ್ತಿಗೆ ತಾನ ಓಡೋ ಕೆಲಸ) ಹಾಕ್ರಿ.