‘ಮಟೀರಿಯಲ್ ವೀಕ್‌ನೆಸ್’ – ಲೋಪವೋ, ನ್ಯೂನತೆಯೋ, ಕಂಡಿಯೋ?

ಗೆಳೆಯರೇ,

ಮಂಡ್ಯದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಉತ್ಪಾದಕ ಕಂಪನಿಗೆ ಚಾರ್ಟರ್ಡ್ ಅಕೌಂಟೆಂಟ್ ಕೈಯಲ್ಲಿ ಒಳ ಆಡಿಟ್ ಮಾಡಿಸುವುದು ಕಡ್ಡಾಯ. ಆ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ನಿರ್ದೇಶಕರು ಕಬ್ಬು, ಭತ್ತ ಬೆಳೆಯುವವರು. ಅವರಿಗಾಗಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

‘ಇಂಟರ್ನಲ್ ಫೈನಾನ್ಶಿಯಲ್ ಕಂಟ್ರೋಲ್ಸ್’ಗೆ ‘ಆಂತರಿಕ ಹಣಕಾಸು ನಿಯಂತ್ರಣ’ ಎಂದು ಬರೆದಿದ್ದೇನೆ. ಖರ್ಚು ಕಡಿಮೆ ಮಾಡಿ ಎನ್ನುತ್ತಿದ್ದಾರೆ ಅಂತ ಓದುವವರಿಗೆ ಅನಿಸಬಹುದು. 2013ರ ಕಂಪನಿ ಕಾಯ್ದೆಯ 134ನೇ ಸೆಕ್ಷನ್‌ನಲ್ಲಿ ಇದಕ್ಕಿರುವ ಅರ್ಥ ದೊಡ್ಡದು. ಆಸ್ತಿ ಕಾಪಾಡುವುದು, ಮೋಸ ಮತ್ತು ತಪ್ಪುಗಳನ್ನು ತಡೆಯುವುದು, ನಡೆದಿದ್ದರೆ ಪತ್ತೆ ಹಚ್ಚುವುದು, ಲೆಕ್ಕ ಸರಿಯಾಗಿ, ಪೂರ್ತಿಯಾಗಿ ಇಡುವುದು ಎಲ್ಲವೂ ಅದರಲ್ಲಿ ಸೇರಿದೆ. ಒಂದು ಸಾಲಿನ ವಿವರಣೆ ಜೊತೆಗೆ ಕೊಟ್ಟರೆ ಸಾಕು ಅಂದುಕೊಂಡಿದ್ದೇನೆ.

ಕಷ್ಟ ಇರುವುದು ‘ಮಟೀರಿಯಲ್ ವೀಕ್‌ನೆಸ್’ನಲ್ಲಿ. ಆಡಿಟರುಗಳ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಗಂಭೀರ ದರ್ಜೆ. ಇದರ ಕೆಳಗೆ ‘ಸಿಗ್ನಿಫಿಕೆಂಟ್ ಡೆಫಿಶಿಯನ್ಸಿ’, ಅದರ ಕೆಳಗೆ ಬರೀ ‘ಡೆಫಿಶಿಯನ್ಸಿ’. ಲೆಕ್ಕಪತ್ರದಲ್ಲಿ ದೊಡ್ಡ ತಪ್ಪೊಂದು ನುಸುಳಿ, ಸಕಾಲದಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುವ ಸಾಧ್ಯತೆ ಇದೆ ಎಂಬುದು ಇದರ ತಿರುಳು. ತಪ್ಪು ಆಗಿಯೇ ಇರಬೇಕೆಂದಿಲ್ಲ. ನಮ್ಮಲ್ಲಿ ಗೊಬ್ಬರದ ದಾಸ್ತಾನು ಎಣಿಸುವವರು, ಬಿಲ್ ಬರೆಯುವವರು, ದುಡ್ಡು ತೆಗೆದುಕೊಳ್ಳುವವರು ಒಬ್ಬರೇ. ತುಂಬಾ ಪ್ರಾಮಾಣಿಕರು. ಒಂದು ರೂಪಾಯಿಯೂ ಹೋಗಿಲ್ಲ. ಆದರೂ ಇದನ್ನು ‘ಮಟೀರಿಯಲ್ ವೀಕ್‌ನೆಸ್’ ಎಂದು ಆಡಿಟರ್ ಬರೆದಿದ್ದು ಸರಿ.

ಈಗ ಪದ ನೋಡಿ. ‘ದೌರ್ಬಲ್ಯ’ ಎಂದರೆ ಆ ಮನುಷ್ಯನ ಗುಣದ ಮಾತಾಗುತ್ತದೆ. ‘ಲೋಪ’ ಎಂದ ಕೂಡಲೇ ಕರ್ತವ್ಯಲೋಪ, ನೋಟಿಸು ನೆನಪಾಗುತ್ತದೆ. ಪತ್ರಿಕೆಗಳ ‘ಅವ್ಯವಹಾರ’ ಅಂತೂ ಬೇಡವೇ ಬೇಡ. ಕೆಲಸದ ವ್ಯವಸ್ಥೆಯ ಬಗ್ಗೆ ಬರೆದ ಮಾತು ಕೆಲಸಗಾರನ ಮೇಲೆ ಅಪವಾದ ಆಗಬಾರದು. ಚಿಕ್ಕ ಊರಲ್ಲಿ ಅಂಥ ಮಾತು ಒಂದು ಮನೆಯ ಮರ್ಯಾದೆ ಕಳೆಯುತ್ತದೆ.

ನನಗೆ ಹೊಳೆದಿದ್ದು ‘ಕಂಡಿ’. ಬೇಲಿಯಲ್ಲಿ ಕಂಡಿ ಇದೆ ಎಂದರೆ ದನ ಪೈರಿಗೆ ನುಗ್ಗಿದೆ ಅಂತಲ್ಲ, ನುಗ್ಗಬಹುದು ಅಂತ. ನಿರ್ದೇಶಕರಿಗೆ ತಟ್ಟನೆ ಗೊತ್ತಾಗುತ್ತದೆ. ಆದರೆ ವರದಿಯಲ್ಲಿ ‘ನಿಯಂತ್ರಣದಲ್ಲಿ ದೊಡ್ಡ ಕಂಡಿ’ ಎಂದು ಬರೆದರೆ ಗಾಂಭೀರ್ಯ ಉಳಿಯುತ್ತದಾ? ಉಳಿಯಲೇಬೇಕು. 2009ರ ಜನವರಿಯಲ್ಲಿ ಹೊರಬಂದ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಹಗರಣ ನೆನಪಿರಬಹುದು. ಇಲ್ಲದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬಾಕಿಯನ್ನು ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ತೋರಿಸಲಾಗಿತ್ತು. ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವಂಥ ಸಾದಾ ಕೆಲಸ ಎಷ್ಟು ಮುಖ್ಯ ಅಂತ ಅದರಿಂದ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಪದ ‘ರೆಮಿಡಿಯೇಶನ್’. ‘ಪರಿಹಾರ’ ಎಂದು ಹಾಕಲು ಆಗುವುದಿಲ್ಲ. ಬೆಳೆ ಪರಿಹಾರ, ಬರ ಪರಿಹಾರ ಕೇಳಿದವರಿಗೆ ಅದು ಕೈಗೆ ಬರುವ ದುಡ್ಡು. ‘ಸರಿಪಡಿಸುವುದು’ ಸಾಕು. ಇಲ್ಲೊಂದು ಸೂಕ್ಷ್ಮ ಇದೆ. ಬಿಲ್ ಬರೆಯುವವರನ್ನೂ ದುಡ್ಡು ತೆಗೆದುಕೊಳ್ಳುವವರನ್ನೂ ಬೇರೆ ಮಾಡಿ ಠರಾವು ಪಾಸು ಮಾಡಿದರೆ ಕೆಲಸ ಮುಗಿಯಲಿಲ್ಲ. ಹೊಸ ಪದ್ಧತಿ ಕೆಲವು ಕಾಲ ನಡೆಯಬೇಕು. ಓಚರ್‌ಗಳನ್ನು ತೆಗೆದು ನೋಡಿ, ನಿಜವಾಗಿ ಹಾಗೇ ನಡೆದಿದೆ ಎಂದು ಖಾತ್ರಿಯಾಗಬೇಕು. ಅದಕ್ಕೇ ‘ಸರಿಪಡಿಸಿದೆ’, ‘ಸರಿಹೋಗಿದೆ’ ಎಂದು ಎರಡು ಕಾಲಂ ಮಾಡಿದ್ದೇನೆ. ಕನ್ನಡದಲ್ಲಿ ಈ ವ್ಯತ್ಯಾಸ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಸಹಕಾರ ಸಂಘಗಳ ಕಡೆ ‘ನ್ಯೂನತೆ’, ‘ಅನುಪಾಲನಾ ವರದಿ’ (ಆಡಿಟ್‌ನಲ್ಲಿ ಹೇಳಿದ್ದನ್ನು ಸರಿಪಡಿಸಿದ ಬಗ್ಗೆ ಕೊಡುವ ವರದಿ) ಎಂಬ ಮಾತುಗಳು ರೂಢಿಯಲ್ಲಿವೆ. ಕೆಳಗಿನ ಎರಡು ದರ್ಜೆಗೆ ‘ನ್ಯೂನತೆ’, ‘ಮುಖ್ಯ ನ್ಯೂನತೆ’ ಎಂದಿಟ್ಟುಕೊಂಡು ಮೇಲಿನ ದರ್ಜೆಗೆ ಮಾತ್ರ ‘ಕಂಡಿ’ ಬಳಸಬಹುದೇ? ಅಥವಾ ಮೂರಕ್ಕೂ ಒಂದೇ ಮೂಲದ ಪದ ಇರಬೇಕೇ? ಮೈಸೂರು, ಮಂಡ್ಯ ಕಡೆಯ ಸಂಘಗಳಲ್ಲಿ ಕಾರ್ಯದರ್ಶಿಗಳಾಗಿದ್ದ ಹಿರಿಯರು ಯಾರಾದರೂ ಇದ್ದರೆ, ಆಡಿಟರುಗಳ ಜೊತೆ ಮಾತಾಡುವಾಗ ಇದಕ್ಕೆ ಏನೆನ್ನುತ್ತಿದ್ದಿರಿ, ದಯವಿಟ್ಟು ತಿಳಿಸಿ.