ಹಳ್ಳಿ ಡೈರಿಗಳ ಡೇಟಾ ಒಂದೂ ಬಿಡದೆ ಸೆಂಟರ್‌ಗೆ ತರೋದು ಹೇಗೆ?

ಹಾಲಿನ_ಲೆಕ್ಕ:
ನೂರಕ್ಕೂ ಜಾಸ್ತಿ ಹಾಲಿನ ಸೊಸೈಟಿಗಳಿವೆ. ಬೆಳಿಗ್ಗೆ, ಸಂಜೆ ಹಾಲು ಅಳೆದಾಗ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಅಲ್ಲಿನ ಕಂಪ್ಯೂಟರಿನ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೋಗುತ್ತದೆ. ಆಮೇಲೆ ಒಂದು ಸ್ಕ್ರಿಪ್ಟು ಸಿಎಸ್‌ವಿ ಫೈಲು ಮಾಡಿ ಎಫ್‌ಟಿಪಿಯಲ್ಲಿ ಸೆಂಟರ್‌ಗೆ ಕಳಿಸುತ್ತದೆ. ಮಧ್ಯೆ ಕರೆಂಟ್ ಹೋದರೆ ಅರ್ಧ ಫೈಲು ಬಂದು ಕೂತಿರುತ್ತದೆ, ಸೆಂಟರಿನ ಪ್ರೋಗ್ರಾಮು ಅದನ್ನೇ ಪೂರ್ತಿ ಅಂದುಕೊಂಡು ಓದಿಬಿಡುತ್ತದೆ. ಮತ್ತೆ ಕಳಿಸಿದರೆ ಒಂದೇ ಎಂಟ್ರಿ ಎರಡು ಸಲ. ರೈತರ ಬಟವಾಡೆ ನಿಂತಿರೋದೇ ಇದರ ಮೇಲೆ, ಒಂದು ಲೀಟರೂ ಆಚೀಚೆ ಆಗಬಾರದು. ಎಫ್‌ಟಿಪಿ ಬದಲು ಆರ್‌ಸಿಂಕ್ (ಫೈಲು ಕಳಿಸುವ ಇನ್ನೊಂದು ಪ್ರೋಗ್ರಾಮು) ಹಾಕಿದರೆ ಸಾಕಾ?

ಮಲೆನಾಡು_ಅಡ್ಮಿನ್:
ಅರ್ಧ ಫೈಲಿನ ಕಾಟ ಖಂಡಿತ ತಪ್ಪುತ್ತದೆ. ಆರ್‌ಸಿಂಕ್ ಮೊದಲು ಚುಕ್ಕಿಯಿಂದ ಶುರುವಾಗುವ ಬೇರೆ ಹೆಸರಲ್ಲಿ ಬರೆದುಕೊಂಡು, ಪೂರ್ತಿ ಬಂದ ಮೇಲಷ್ಟೇ ಅಸಲಿ ಹೆಸರು ಕೊಡುತ್ತದೆ. ಆದರೆ ಬರೀ 'ಪಾರ್ಷಿಯಲ್' ಆಪ್ಷನ್ ಹಾಕಬೇಡಿ. ಲೈನ್ ಕಟ್ಟಾದರೆ ಅದು ಅರ್ಧ ಫೈಲನ್ನೇ ಅಸಲಿ ಹೆಸರಲ್ಲಿ ಬಿಟ್ಟುಹೋಗಬಹುದು, ಮತ್ತೆ ಅದೇ ಕಥೆ. ಬೇಕಿದ್ದರೆ 'ಪಾರ್ಷಿಯಲ್-ಡಿರ್' ಕೊಟ್ಟು ಅರ್ಧದ್ದನ್ನೆಲ್ಲ ಬೇರೆ ಫೋಲ್ಡರಿನಲ್ಲಿಡಿ. ಮತ್ತೆ, ಸಿಮ್ ಇಂಟರ್‌ನೆಟ್‌ನಲ್ಲಿರುವ ಮಷೀನನ್ನು ಸಾಮಾನ್ಯವಾಗಿ ಹೊರಗಿನಿಂದ ಮುಟ್ಟೋಕಾಗಲ್ಲ, ಹಾಗಾಗಿ ಸೊಸೈಟಿಯಿಂದಲೇ ಎಸ್‌ಎಸ್‌ಎಚ್ (ಸುರಕ್ಷಿತ ಸಂಪರ್ಕ) ಮೇಲೆ ಕಳಿಸಿ.

ಡೇಟಾಬೇಸ್_ಅಕ್ಕ:
ಫೈಲಿಗೆ ಅದು ಸರಿ, ಆದರೆ ಡಬಲ್ ಎಂಟ್ರಿಗೆ ಆರ್‌ಸಿಂಕ್ ಏನೂ ಮಾಡಲ್ಲ, ಅಲ್ವಾ? ಹಾಲು ಅಳೆದ ಕೂಡಲೇ, ಆ ಕಂಪ್ಯೂಟರಿನಲ್ಲೇ, ಪ್ರತಿ ಎಂಟ್ರಿಗೂ ಒಂದು ಯುಯುಐಡಿ (ಬೇರೆಲ್ಲೂ ಮತ್ತೆ ಬಾರದಂಥ ಉದ್ದನೆಯ ಗುರುತಿನ ಸಂಖ್ಯೆ) ಕೊಡಿ. ದಿನಾಂಕ, ಟೈಮ್ ನಂಬಿ ಐಡಿ ಮಾಡಬೇಡಿ, ಹಳೇ ಪಿಸಿಗಳಲ್ಲಿ ಸೀಮಾಸ್ ಬ್ಯಾಟರಿ ಹೋಗಿ ಗಡಿಯಾರ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ಸೆಂಟರಿನಲ್ಲಿ ಆ ಐಡಿಯ ಕಾಲಮ್ಮಿಗೆ ಯೂನಿಕ್ (ಒಂದೇ ಐಡಿ ಎರಡು ಸಲ ಕೂರಬಾರದು ಅನ್ನೋ ಷರತ್ತು) ಹಾಕಿ. ಅಲ್ಲಿನ ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದರೆ 9.5 ವರ್ಷನ್‌ನಿಂದ 'ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್' ಇದೆ, ಹತ್ತು ಸಲ ಬಂದರೂ ಒಂದೇ ಸಲ ಕೂರುತ್ತದೆ.

ಮುಖ್ಯ ಏನಂದ್ರೆ, 'ಕಳಿಸಿದೆ' ಅಂತ ಸೊಸೈಟಿ ಗುರುತು ಹಾಕಬೇಕಾದ್ದು ಕಳಿಸಿದಾಗ ಅಲ್ಲ, ಸೆಂಟರಿನ ಡೇಟಾಬೇಸಿನಲ್ಲಿ ಕಮಿಟ್ ಆಗಿ (ಅಂದ್ರೆ ಖಾಯಂ ಆಗಿ ಸೇವ್ ಆಗಿ) ಅಲ್ಲಿಂದ ಉತ್ತರ ಬಂದಾಗ. ಉತ್ತರ ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸಲಿ, ಯೂನಿಕ್ ಇರೋದೇ ಅದಕ್ಕೆ. ತಪ್ಪು ಎಂಟ್ರಿ ತಿದ್ದಬೇಕಾದರೆ ಹಳೆಯದನ್ನು ಮುಟ್ಟಬೇಡಿ, ತಿದ್ದುಪಡಿಯನ್ನೇ ಹೊಸ ಎಂಟ್ರಿಯಾಗಿ ಕಳಿಸಿ.

ಹಾಲಿನ_ಲೆಕ್ಕ:
ಇದು ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ಏನೂ ಕಳಿಸದೆ ಸುಮ್ನೆ ಇರುವ ಸೊಸೈಟಿಯನ್ನು ಹಿಡಿಯೋದು ಹೇಗೆ?

ಡೇಟಾಬೇಸ್_ಅಕ್ಕ:
ಯುಯುಐಡಿ ಜೊತೆ ಸೊಸೈಟಿವಾರು ಕ್ರಮಸಂಖ್ಯೆಯೂ ಇರಲಿ. 411 ಆದ ಮೇಲೆ 413 ಬಂದರೆ 412 ಎಲ್ಲಿ ಅಂತ ಸೆಂಟರೇ ಕೇಳಬಹುದು. ಹೊತ್ತಿಗೊಂದು ಸಲ ಒಟ್ಟು ಎಂಟ್ರಿ, ಒಟ್ಟು ಲೀಟರು ಬೇರೆಯಾಗಿ ಕಳಿಸಿ ತಾಳೆ ನೋಡಿ. ಸಂಜೆ ಎಂಟಾದರೂ ಆ ಮೊತ್ತವೇ ಬರಲಿಲ್ಲ ಅಂದ್ರೆ ಸೆಕ್ರೆಟರಿಗೆ ಫೋನ್ ಮಾಡಿ.