ಏರ್ ಫಿಲ್ಟರಿಗೆ ‘ಗಾಳಿ ಜರಡಿ’ ಎನ್ನಬಹುದೇ?

ಪ್ರಶ್ನೆ: ಮನೆಯಲ್ಲೇ ಕಟ್ಟುವ ಸಣ್ಣ ವಿಮಾನಗಳ ಎಂಜಿನ್ ಕೈಪಿಡಿಯೊಂದನ್ನು ಗೋಣಿಕೊಪ್ಪದಲ್ಲಿ ಕನ್ನಡಕ್ಕೆ ತರುತ್ತಿದ್ದೇವೆ. ಏರ್ ಫಿಲ್ಟರಿಗೆ ‘ಗಾಳಿ ಜರಡಿ’, ಆಲ್ಟರ್ನೇಟ್ ಏರ್‌ಗೆ ‘ಬದಲಿ ಗಾಳಿ’ ಎಂದಿದ್ದೇವೆ. ಸರಿಯೇ? ಮೇಲೆ ಧೂಳೇ ಇಲ್ಲದಿರುವಾಗ ಫಿಲ್ಟರ್ ಯಾಕೆ, ಅದರಿಂದ ಎಂಜಿನ್ನಿಗೆ ಶಕ್ತಿ ನಷ್ಟವಲ್ಲವೇ ಎಂಬ ತಕರಾರೂ ಇದೆ.

ಉತ್ತರ: ‘ಜರಡಿ’ ಬೇಡ ಸರ್. ಕಾಫಿ ಬೀಜ ಗ್ರೇಡ್ ಮಾಡುವ ಜರಡಿಯಲ್ಲಿ ಕಣ್ಣಿಗಿಂತ ದಪ್ಪದ್ದು ಮೇಲೆ ನಿಲ್ಲುತ್ತದೆ, ಅಷ್ಟೇ. ಸ್ಪಂಜು ಅಥವಾ ಹತ್ತಿಬಟ್ಟೆಯ ಫಿಲ್ಟರಿನ ರಂಧ್ರಗಳು ಸಣ್ಣ ಧೂಳಿಗಿಂತ ದೊಡ್ಡವು. ಧೂಳನ್ನು ಹಿಡಿಯುವುದು ಅದಕ್ಕೆ ಹಚ್ಚಿದ ಎಣ್ಣೆಯ ಅಂಟು. ಜರಡಿ ಎಂದು ಓದಿದವರು ತೊಳೆದು, ಒಣಗಿಸಿ, ಎಣ್ಣೆ ಹಚ್ಚದೆ ಕೂರಿಸಿಬಿಡುತ್ತಾರೆ. ಆಗ ನುಣ್ಣನೆ ಮರಳು ಒಳಗೆ ಹೋಗಿ ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆ ಸವೆಯುತ್ತವೆ, ಎಂಜಿನ್ ಆಯಿಲ್ ಪರೀಕ್ಷೆಯಲ್ಲಿ ಧೂಳಿನ ಗುರುತಾದ ಸಿಲಿಕಾನ್ ಏರುತ್ತದೆ. ಹತ್ತಿಬಟ್ಟೆಯದನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಕಂಪ್ರೆಸರ್ ಗಾಳಿ ಹೊಡೆಯಬಾರದು. ನೀರನ್ನು ಒಳಗಿನಿಂದ ಹೊರಕ್ಕೆ ಬಿಡಬೇಕು. ಎಣ್ಣೆ ಜಾಸ್ತಿಯಾದರೂ ಉಸಿರು ಕಟ್ಟುತ್ತದೆ. ‘ಶೋಧಕ’ ಎಂದರೆ ಹುಡುಕುವವನೂ ಆದೀತು. ಬೈಕ್ ಗ್ಯಾರೇಜಿನ ಮಾತಾದ ‘ಏರ್ ಫಿಲ್ಟರ್’ ಅನ್ನೇ ಉಳಿಸಿಕೊಳ್ಳಿ.

‘ಬದಲಿ ಗಾಳಿ’ ಇನ್ನೂ ಅಪಾಯ. ಓದಿದವರಿಗೆ ಅದೂ ಶುದ್ಧ ಗಾಳಿಯೇ ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ಫಿಲ್ಟರಿನೊಳಗೆ ಹಾಯದೆ ಬೇರೆ ದಾರಿಯಿಂದ ಬರುವ ಗಾಳಿ. ಕಾರ್ಬುರೇಟರ್ ಹೀಟ್ (ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟದಂತೆ ಬಿಡುವ ಬಿಸಿಗಾಳಿ) ಕೂಡ ಬಹುತೇಕ ಹಾಗೆಯೇ, ಸೈಲೆನ್ಸರ್ ಸುತ್ತಿನಿಂದ ಬರುತ್ತದೆ. ಆದ್ದರಿಂದ ‘ಸೋಸದ ಗಾಳಿ’ ಎನ್ನಿ. ಬೇಸಿಗೆಯ ಕೆಂಪು ಮಣ್ಣಿನ ರನ್‌ವೇ ಮೇಲೆ ಹೀಟ್ ಎಳೆದುಕೊಂಡೇ ಓಡಿಸಬಾರದು, ಪರೀಕ್ಷೆಗೆ ಬೇಕಾದಷ್ಟು ಹೊತ್ತು ಸಾಕು. ಹಾಗೆಂದು ಅದನ್ನು ಕೈಬಿಡುವಂತಿಲ್ಲ: ಮಳೆಗಾಲದ 20 ಡಿಗ್ರಿ ಥಂಡಿ ಗಾಳಿಯಲ್ಲೂ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಬಹುದು. ಕಾಗದದ ಫಿಲ್ಟರ್ ನೆನೆದರೆ ದಾರಿಯೇ ಮುಚ್ಚೀತು, ಆಗಲೂ ಈ ಸೋಸದ ಗಾಳಿಯ ದಾರಿಯೇ ಗತಿ.

ಫಿಲ್ಟರ್ ಬೇಕು. ಎಂಜಿನ್ ಧೂಳು ತಿನ್ನುವುದು ನೆಲದ ಮೇಲೆ, ಟ್ಯಾಕ್ಸಿ (ನೆಲದಲ್ಲಿ ಉರುಳಿಕೊಂಡು ಹೋಗುವುದು) ಮತ್ತು ಟೇಕಾಫ್ ಹೊತ್ತಿಗೆ, ಪ್ರೊಪೆಲ್ಲರೇ ಎಬ್ಬಿಸಿದ್ದು. ಶಕ್ತಿ ನಷ್ಟದ ವಾದ ದುರ್ಬಲ: ಸಾವಿರ ಅಡಿ ಎತ್ತರಕ್ಕೆ ಸುಮಾರು 1 ಇಂಚು ಪಾದರಸದಂತೆ ಗಾಳಿಯ ಒತ್ತಡ ಇಳಿಯುತ್ತದೆ, ದಕ್ಷಿಣ ಕೊಡಗಿನ ಎತ್ತರಕ್ಕೇ 3 ಇಂಚಿನಷ್ಟು ಹೋಗಿರುತ್ತದೆ. ಅಳತೆ ಸರಿಯಿರುವ ಶುಚಿಯಾದ ಫಿಲ್ಟರ್ ಕಸಿಯುವುದು ಅದರ ಸಣ್ಣ ಪಾಲು. ಸಣ್ಣ ವಿಮಾನಗಳ ಎಂಜಿನ್ ಆದ ರೋಟಾಕ್ಸ್ 912ರಲ್ಲಿ ಎರಡು ಕಾರ್ಬುರೇಟರಿಗೂ ಬೇರೆ ಬೇರೆ ಫಿಲ್ಟರ್ ಇದ್ದರೆ ಎರಡನ್ನೂ ಒಟ್ಟಿಗೇ ತೊಳೆಯಿರಿ. ಒಂದು ಮಾತ್ರ ಧೂಳಿನಿಂದ ಕಟ್ಟಿಕೊಂಡರೆ ಎರಡು ಬದಿಯ ಸಮತೋಲ ತಪ್ಪಿ ಎಂಜಿನ್ ನಡುಗುತ್ತದೆ.